ಪದಚರ್ಚೆ: ‘ಹೇಲೊ’ ಬೀಜಕೇಂದ್ರಕ್ಕೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ನ್ಯೂಟ್ರಾನ್‌ಗಳು ಮಿತಿಮೀರಿದಾಗ ಪರಮಾಣುವಿನ ಬೀಜಕೇಂದ್ರದ ರಚನೆ ಹೇಗೆ ಬದಲಾಗುತ್ತದೆ ಎಂಬ ಬಗ್ಗೆ ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ಪ್ರೋಟಾನ್, ನ್ಯೂಟ್ರಾನ್, ಐಸೊಟೋಪ್ ಹಾಗೇ ಇರಲಿ, ಅವಕ್ಕೆ ಯಾರ ತಕರಾರೂ ಇರಲಾರದು. ಸಿಕ್ಕಿಕೊಂಡಿರುವುದು ‘ಹೇಲೊ’ (halo) ಎಂಬ ಪದದಲ್ಲಿ; ಕೆಲವು ಬೀಜಕೇಂದ್ರಗಳ ತಿರುಳಿನ ಸುತ್ತ ನ್ಯೂಟ್ರಾನ್‌ಗಳು ತೆಳುವಾಗಿ ಹರಡಿಕೊಂಡಿರುವುದಕ್ಕೆ ಆ ಹೆಸರು. ಇದನ್ನೂ ಹಾಗೇ ಬಿಟ್ಟರೆ ಕನ್ನಡದ ಕಿವಿಗೆ ಏನೆಂದು ಕೇಳಿಸೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಗತಿ ಇಷ್ಟು. ಸಾಮಾನ್ಯ ಬೀಜಕೇಂದ್ರದಲ್ಲಿ ಕಣಗಳು ಒತ್ತೊತ್ತಾಗಿರುತ್ತವೆ; ಕಣಗಳ ಸಂಖ್ಯೆಯ ಘನಮೂಲಕ್ಕೆ ತಕ್ಕಂತೆ ತ್ರಿಜ್ಯ ಬೆಳೆಯುತ್ತದೆ. 3 ಪ್ರೋಟಾನ್, 8 ನ್ಯೂಟ್ರಾನ್‌ಗಳ ಲಿಥಿಯಂ-11 ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಜಪಾನಿನ ಭೌತವಿಜ್ಞಾನಿ ಇಸಾವೊ ತನಿಹಾತ ಮತ್ತು ಸಂಗಡಿಗರು ಅಮೆರಿಕದ ಬರ್ಕ್ಲಿಯಲ್ಲಿ ನಡೆಸಿ 1985ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಅದು ಎಣಿಕೆಗಿಂತ ಬಹಳ ದೊಡ್ಡದೆಂದು ಕಂಡುಬಂತು. ಮಾಮೂಲಿ ಬೀಜಕೇಂದ್ರದಿಂದ ಒಂದು ನ್ಯೂಟ್ರಾನ್ ಕೀಳಲು ಸುಮಾರು 8 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಬೇಕು. ಇಲ್ಲಿ ಕೊನೆಯ ಎರಡನ್ನೂ ಒಟ್ಟಿಗೆ ಕೀಳಲು 0.37 ಎಂಇವಿ ಸಾಕು. ಹಿಡಿತ ಅಷ್ಟು ಸಡಿಲವಾದ್ದರಿಂದಲೇ ಆ ಎರಡು ನ್ಯೂಟ್ರಾನ್‌ಗಳು ಲಿಥಿಯಂ-9ರ ತಿರುಳನ್ನು ಬಿಟ್ಟು ದೂರದೂರಕ್ಕೆ ಹರಡಿಕೊಂಡಿವೆ. ಹರವು ಹೆಚ್ಚುಕಡಿಮೆ 208 ಕಣಗಳ ಸೀಸದ ಬೀಜಕೇಂದ್ರದಷ್ಟು. ಒಂದನ್ನು ತೆಗೆದರೆ ಇನ್ನೊಂದೂ ನಿಲ್ಲದು, ಏಕೆಂದರೆ ಲಿಥಿಯಂ-10 ಕೂಡಿ ನಿಲ್ಲುವುದೇ ಇಲ್ಲ.

ಪ್ರಭಾವಳಿ, ಪ್ರಭಾವಲಯ, ಪರಿವೇಷ ಎಂಬ ಮೂರು ಪದಗಳು ಮುಂದಿವೆ. ಮೊದಲೆರಡರಲ್ಲಿ ಪ್ರಭೆ ಕೂತಿದೆ, ಇಲ್ಲಿ ಬೆಳಕಿನ ಮಾತೇ ಇಲ್ಲ. ಪ್ರಭಾವಳಿಗಂತೂ ಗಟ್ಟಿ ಅಂಚು ಬೇರೆ. ಪರಿವೇಷವೆಂದರೆ ಚಂದ್ರನ ಸುತ್ತಲಿನ ಬಳೆ. ಬಳೆಗೂ ಚಂದ್ರನಿಗೂ ನಡುವೆ ಬಿಡುವಿದೆ. ಲಿಥಿಯಂ-11ರಲ್ಲಿ ಅಂಥ ಬಿಡುವಿಲ್ಲ, ಹೊರಹೋದಂತೆ ಸಾಂದ್ರತೆ ತೆಳುವಾಗುತ್ತಾ ಹೋಗುತ್ತದೆ. ಅದಕ್ಕೇ ‘ಮಬ್ಬುವಲಯ’ ಎನ್ನುವ ಮನಸ್ಸಾಗಿದೆ. ಅರಿಸಮಾಸವೆಂದು ಗದರುವವರು ಗದರಲಿ, ಜೊತೆಗೆ ಬದಲಿ ಪದವನ್ನೂ ಕೊಡಲಿ.

ಇದನ್ನು ನ್ಯೂಟ್ರಾನ್ ‘ಸ್ಕಿನ್’ನಿಂದ ಬೇರೆಯಾಗಿಯೇ ತೋರಿಸಬೇಕು. ಸೀಸ-208ರಲ್ಲಿ ಪ್ರೋಟಾನ್ 82, ನ್ಯೂಟ್ರಾನ್ 126. ಹೆಚ್ಚುವರಿ ನ್ಯೂಟ್ರಾನ್‌ಗಳು ಹೊರಮೈಯಲ್ಲಿ ತೆಳು ಪದರವಾಗಿ ನಿಲ್ಲುತ್ತವೆ. ಅಮೆರಿಕದ ಜೆಫರ್ಸನ್ ಪ್ರಯೋಗಾಲಯದ 2021ರ ಫಲಿತಾಂಶದಂತೆ ಅದರ ದಪ್ಪ ಸುಮಾರು 0.28 ಫೆಮ್ಟೊಮೀಟರ್ (ಒಂದು ಫೆಮ್ಟೊಮೀಟರ್ ಎಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು). ‘ಪೊರೆ’ ಜೀವಕೋಶದವರ ಪಾಲಾಗಿದೆ. ‘ತೊಗಲು’ ನನಗೆ ಹಿಡಿಸಿದೆ.

ಇನ್ನು ‘ಮ್ಯಾಜಿಕ್ ನಂಬರ್’, ಅಂದರೆ ಪ್ರೋಟಾನ್ ಅಥವಾ ನ್ಯೂಟ್ರಾನ್‌ಗಳು ಅಷ್ಟಿದ್ದರೆ ಬೀಜಕೇಂದ್ರ ಸಾಮಾನ್ಯವಾಗಿ ಹೆಚ್ಚು ಗಟ್ಟಿಯಾಗಿ, ಗುಂಡಗೆ ನಿಲ್ಲುವ 20ರಂಥ ಸಂಖ್ಯೆ. ಮಾಯಾಚೌಕದ ಜಾಡಿನಲ್ಲಿ ‘ಮಾಯಾಸಂಖ್ಯೆ’ ಎನ್ನಬಹುದಿತ್ತು. ಆದರೆ ಮೆಗ್ನೀಸಿಯಂ-32ರಲ್ಲಿ ನ್ಯೂಟ್ರಾನ್ ಸಂಖ್ಯೆ 20 ಇದ್ದೂ ಬೀಜಕೇಂದ್ರ ಗುಂಡಗಿರದೆ ಉದ್ದುದ್ದವಾಗಿದೆ, ಅಂದರೆ 20ರ ಮಹಿಮೆ ಅಲ್ಲಿ ನಡೆಯುವುದಿಲ್ಲ. ‘ಮಾಯಾಸಂಖ್ಯೆ ಮಾಯವಾಗುತ್ತದೆ’ ಎಂದು ಬರೆದರೆ ಓದುಗರು ಶ್ಲೇಷೆಯೆಂದುಕೊಂಡಾರು. ‘ಮಾಂತ್ರಿಕ ಸಂಖ್ಯೆ’ ವಾಸಿ.

ಬೀಜಕೇಂದ್ರಕ್ಕೆ ಇನ್ನೊಂದು ನ್ಯೂಟ್ರಾನ್ ಸೇರಿಸಿದರೂ ಅದು ಅಂಟಿ ನಿಲ್ಲದ ಮಿತಿಯೇ ‘ಡ್ರಿಪ್ ಲೈನ್’. ಅದಕ್ಕೆ ‘ಸೋರುಗೆರೆ’ ಎಂಬ ಸಲಹೆ ಬಂದಿದೆ, ನನಗೆ ಒಪ್ಪಿಗೆಯಿಲ್ಲ. ಸೋರುವುದು ತೂತಿರುವ ಪಾತ್ರೆ. ಇಲ್ಲಿ ಆಗುವುದು ತುಂಬಿದ ಪಾತ್ರೆಗೆ ಮತ್ತೆ ಸುರಿದಂತೆ, ಹಾಗಾಗಿ ‘ತುಳುಕುಗೆರೆ’ ಎನ್ನುತ್ತೇನೆ.

ಮುಖ್ಯ ಪ್ರಶ್ನೆ ಮಬ್ಬುವಲಯದ್ದೇ. ವಿಶೇಷಣವಾಗಿ ‘ಮಬ್ಬುವಲಯದ ಬೀಜಕೇಂದ್ರ’ ಎಂದರೆ ಬೀಜಕೇಂದ್ರವೇ ಆ ವಲಯದೊಳಗಿರುವ ಬೇರೊಂದು ವಸ್ತು ಎಂಬ ಅರ್ಥ ಬರುತ್ತದೆಯೇ? ‘ಮಬ್ಬಂಚಿನ ಬೀಜಕೇಂದ್ರ’ ಎಂದರೆ ತಪ್ಪೀತೇ?