ಬಿಲ್ ಬುಕ್ ಬಿಟ್ಟು ಮೊಬೈಲ್‌ನಲ್ಲೇ ಬಿಲ್ ಮಾಡೋಣ ಅಂತಿದೀನಿ, ಸಾಲದ ಬುಕ್ಕು ಏನ್ಮಾಡೋದು?

ತಿಪಟೂರು ಪೈಪ್ ಅಂಗಡಿ:

ಎಲ್ರಿಗೂ ನಮಸ್ಕಾರ. ತಿಪಟೂರಲ್ಲಿ ನಮ್ದೊಂದು ಹಾರ್ಡ್‌ವೇರ್ ಅಂಗಡಿ ಇದೆ, ಪಿವಿಸಿ ಪೈಪು, ಡ್ರಿಪ್ ಸಾಮಾನು, ಮೋಟರ್ ಕೇಬಲ್ಲು, ಫುಟ್‌ವಾಲ್ವು, ಜೊತೆಗೆ ಸ್ವಲ್ಪ ಸಿಮೆಂಟು. ಅಪ್ಪ ಶುರು ಮಾಡಿದ್ದು, ನಾನು ಮಗಳು, ಎರಡು ವರ್ಷದಿಂದ ಗಲ್ಲಾ ನೋಡ್ಕೊತಿದೀನಿ. ರೆಗ್ಯುಲರ್ ಜಿಎಸ್‌ಟಿ, ಮೂರು ತಿಂಗಳಿಗೊಂದ್ಸಲ ರಿಟರ್ನು. ಬಿಲ್ಲು ಮಾತ್ರ ಇವತ್ತಿಗೂ ಕಾರ್ಬನ್ ಇಟ್ಟು ಕೈಯಲ್ಲೇ ಬರೆಯೋದು, ಬುಕ್ಕು ಮುಗಿದಂಗೆಲ್ಲ ಚೀಲಕ್ಕೆ ಹಾಕ್ಕೊಂಡು ಟ್ಯಾಕ್ಸ್ ಪ್ರಾಕ್ಟೀಷನರ್ ಆಫೀಸಿಗೆ ಕೊಟ್ಟು ಬರೋದು, ಅಲ್ಲಿ ಒಬ್ಬ ಹುಡುಗ ಅದನ್ನೆಲ್ಲ ಮತ್ತೆ ಕಂಪ್ಯೂಟರಿಗೆ ಹೊಡೀತಾನೆ, ಒಂದೇ ಬಿಲ್ಲನ್ನ ಎರಡೆರಡು ಸಲ ಬರೆದಂಗೆ.

ಹೋದ ಮಳೆಗಾಲದಲ್ಲಿ ಹಿಂದಿನ ರೂಮಿನ ಶೀಟ್ ಸೋರಿ ನಾಲ್ಕು ಬಿಲ್ ಬುಕ್ ನೆಂದು ಹೋದ್ವು. ಬಿಸಿಲಿಗೆ ಹಾಕಿ ಒಂದೊಂದೇ ಹಾಳೆ ಬಿಡಿಸಿದೆ, ಬರೆದಿದ್ದೆಲ್ಲ ನೀಲಿ ಮಚ್ಚೆ ಆಗ್ಬಿಟ್ಟಿತ್ತು, ಪ್ರಿಂಟ್ ಆಗಿದ್ದ ಕೆಂಪು ನಂಬರ್ ಒಂದೇ ನೆಟ್ಟಗೆ ಕಾಣ್ತಿದ್ದಿದ್ದು. ಅದಾದ್ಮೇಲೆ 2025ರ ಸೆಪ್ಟೆಂಬರ್ 22ಕ್ಕೆ ಸಿಮೆಂಟ್ ಜಿಎಸ್‌ಟಿ 28ರಿಂದ 18ಕ್ಕೆ ಇಳೀತಲ್ಲ, ಅವತ್ತು ಬೆಳಗ್ಗೆ ಅಪ್ಪ ಅಭ್ಯಾಸದ ಮೇಲೆ ಮೂರು ಬಿಲ್ಲು ಹಳೇ ರೇಟಲ್ಲೇ ಬರೆದ್ಬಿಟ್ರು, ನಾನು ಆ ಮೂರು ಜನಕ್ಕೂ ಫೋನ್ ಮಾಡಿ ವಾಪಸ್ ಕರೆಸಿ ಬಿಲ್ ಬದಲಾಯಿಸಿ ಹೆಚ್ಚಿಗೆ ತಗೊಂಡ ದುಡ್ಡು ಕೊಟ್ಟೆ. ಅವತ್ತೇ ಅಂದ್ಕೊಂಡೆ ಮೊಬೈಲ್‌ಗೆ ಹೋಗ್ಬೇಕು ಅಂತ.

ಅಪ್ಪ ಒಪ್ತಿಲ್ಲ. ಬಿಲ್ಲಿನ ಬಗ್ಗೆ ಅಲ್ಲ ಅವರ ತಕರಾರು, ಸಾಲದ ಬುಕ್ಕಿನ ಬಗ್ಗೆ. ನಮ್ ಕಡೆ ರೈತರು ದುಡ್ಡು ಕೊಡೋದು ಕೊಬ್ಬರಿ ಮಾರಿದ್ಮೇಲೆ. ಕಾಯಿ ಅಟ್ಟಕ್ಕೆ ಹಾಕಿ ಅದು ಉಂಡೆ ಕೊಬ್ಬರಿ ಆಗೋಕೆ ಹೆಚ್ಚುಕಮ್ಮಿ ಒಂದು ವರ್ಷ ಬೇಕು, ರೇಟ್ ಇಲ್ಲ ಅಂದ್ರೆ ಇನ್ನೂ ಇಟ್ಕೊತಾರೆ, ಅಲ್ಲೀವರೆಗೂ ನಮ್ಮ ಬುಕ್ಕಲ್ಲಿ ಬಾಕಿ. ಒಬ್ಬೊಬ್ಬರಿಗೂ ಒಂದೊಂದು ಹಾಳೆ, ಸಾಮಾನು ತಗೊಂಡಾಗ ಅವರ ಕೈಯಲ್ಲೇ ಸೈನ್ ಹಾಕಿಸ್ಕೊತಾರೆ. "ನಾಳೆ ಮಾತು ಬಂದ್ರೆ ನಾನು ಈ ಹಾಳೆ ತೆಗೆದಿಡ್ತೀನಿ, ನೀನು ಮೊಬೈಲ್ ಹಿಡ್ಕೊಂಡು ಏನ್ ತೋರಿಸ್ತೀಯ" ಅಂತಾರೆ. ಅದಕ್ಕೆ ನನ್ಹತ್ರ ಉತ್ತರ ಇಲ್ಲ.

ಮೊಬೈಲ್ ಬಿಲ್ಲು ಕಾನೂನಿಗೆ ನಡೆಯುತ್ತಾ, ಸೈನು ಸೀಲು ಬೇಡ್ವಾ, ವರ್ಷದ ಮಧ್ಯೆ ಬದಲಾಯಿಸಬಹುದಾ, ಕನ್ನಡದಲ್ಲಿ ಪ್ರಿಂಟ್ ಬರುತ್ತಾ, ಮುಖ್ಯವಾಗಿ ಸಾಲದ ಬುಕ್ಕನ್ನ ಹೆಂಗೆ ತರೋದು? ಮಾಡಿರೋರು ದಯವಿಟ್ಟು ಹೇಳಿ.

ಹುಬ್ಳಿ ವೈರ್‌ಮನ್:

ಅಕ್ಕಾರ, ನಮ್ದು ಎಲೆಕ್ಟ್ರಿಕಲ್ ಅಂಗಡಿ ಐತ್ರಿ, ನಾವು ಮೊಬೈಲ್‌ಗೆ ಬಂದು ಮೂರು ವರ್ಷ ಆತು. ಮೊದಲನೇ ಮಾತು ಹೇಳ್ತೇನಿ, ಎರಡೂ ಕೂಡೇ ನಡಸಾಕ ಹೋಗಬ್ಯಾಡ್ರಿ. ನಾವು ಎರಡು ತಿಂಗಳು ಹಂಗ ಮಾಡಿದ್ವಿ, ಬುಕ್ಕಿನಾಗೂ ಬರಿಯೂದು ಮೊಬೈಲ್‌ನಾಗೂ ಹೊಡಿಯೂದು, ಗಿರಾಕಿ ನಾಲ್ಕು ಮಂದಿ ಒಮ್ಮೆಲೇ ಬಂದ್ರ ಒಂದರಾಗ ಬಿಟ್ಟು ಹೋಗೂದ ರೀ, ಸಂಜಿಗೆ ಕುಂತು ತಾಳೆ ಹಾಕಿದ್ರ ಯಾವುದು ಖರೆ ಅಂತ ನಮಗ ಗೊತ್ತಾಗ್ತಿದ್ದಿಲ್ಲ. ಒಂದು ತಾರೀಖು ಗೊತ್ತು ಮಾಡ್ರಿ, ಅವತ್ತಿನಿಂದ ಬುಕ್ ಮುಚ್ಚಿಬಿಡ್ರಿ.

ಕನ್ನಡ ಪ್ರಿಂಟಿಂದು: ಸಣ್ಣ ಬ್ಲೂಟೂತ್ ಥರ್ಮಲ್ ಪ್ರಿಂಟರ್ ತಂದು ಮೊದಲನೇ ಬಿಲ್ ತಗದ್ವಿ, ಗಿರಾಕಿ ಹೆಸರಿನ ಜಾಗಾದಾಗ ಸಾಲಾಗಿ ಬರೇ ಪ್ರಶ್ನಾರ್ಥಕ ಚಿಹ್ನಿ ಬಂದ್ವು. ಪ್ರಿಂಟರ್ ಕೆಟ್ಟೈತಿ ಅಂತ ತಿರಗಿ ಕೊಡಾಕ ಹೊಂಟಿದ್ದೆ. ಆಮ್ಯಾಲ ಗೊತ್ತಾತು, ಆ ಪ್ರಿಂಟರಿನಾಗ ಕನ್ನಡ ಅಕ್ಷರ ಇರಂಗಿಲ್ಲ, ಆಪ್ ಸೆಟ್ಟಿಂಗ್ಸ್‌ನಾಗ ಟೆಕ್ಸ್ಟ್ ಬಿಟ್ಟು ಇಮೇಜ್ ಅಥವಾ ಗ್ರಾಫಿಕ್ಸ್ ಅಂತಿರ್ತೈತಿ, ಅದನ್ನ ಆರಿಸಿದ್ರ ಇಡೀ ಬಿಲ್ ಒಂದು ಚಿತ್ರ ಆಗಿ ಹೋಗತೈತಿ, ಕನ್ನಡ ಚಂದ ಬರತೈತಿ, ಸ್ವಲ್ಪ ನಿಧಾನ ಅಷ್ಟ. ಎರಡಿಂಚಿಂದು ತಗೋಬ್ಯಾಡ್ರಿ, ಐಟಂ ಹೆಸರು, ಎಚ್‌ಎಸ್‌ಎನ್ (ಸಾಮಾನಿನ ಜಿಎಸ್‌ಟಿ ಕೋಡ್ ನಂಬರ್), ರೇಟು, ಟ್ಯಾಕ್ಸು ಎಲ್ಲಾ ಇಕ್ಕಟ್ಟಾಗತಾವು, ಮೂರಿಂಚಿಂದ ಇರ್ಲಿ. ಇನ್ನೊಂದು, ಆ ಹಾಳಿಗೆ ಬಿಸಲು ತಾಗಿದ್ರ ಅಕ್ಷರ ಅಳಿಸಿ ಹೋಗತಾವು. ಮೋಟರಿಗೆ ವಾರಂಟಿ ಇರ್ತೈತಲ್ರಿ, ವರ್ಷದ ಮ್ಯಾಲ ಗಿರಾಕಿ ಬಿಳಿ ಹಾಳಿ ತಂದು ತೋರಸ್ತಾರ. ಅದಕ್ಕ ವಾರಂಟಿ ಇರೂ ಸಾಮಾನಿಗೆ ಪಿಡಿಎಫ್ ವಾಟ್ಸಾಪಿಗೆ ಕಳಿಸಿ ಬಿಡ್ರಿ, ಅವರ ಫೋನಿನಾಗ ಉಳೀತೈತಿ.

ಬ್ಯಾಕಪ್ ಮರೀಬ್ಯಾಡ್ರಿ. ನಮ್ ಫೋನ್ ಕೌಂಟರಿನಿಂದ ಬಿದ್ದು ಸತ್ತ ಹೋತು, ನಾ ಡೇಟಾ ಬರೇ ಫೋನಿನಾಗ ಇಟ್ಟಿದ್ದೆ. ಹನ್ನೊಂದು ದಿನದ ಬಿಲ್ ಹೋದ್ವು, ವಾಟ್ಸಾಪಿನಾಗ ಕಳಿಸಿದ್ದನ್ನ ಹುಡುಕಿ ಹುಡುಕಿ ಗಿರಾಕಿಗಳ ಕಡೆಯಿಂದ ಪೋಟೋ ತರಿಸಿಕೊಂಡು ಮತ್ತ ಹೊಡದೇವ್ರಿ. ಈಗ ದಿನಾ ರಾತ್ರಿ ಶಟರ್ ಎಳಿಯೂಕಿಂತ ಮೊದಲು ಡ್ರೈವಿಗೆ ಹೋಗೇತೋ ಇಲ್ಲೋ ಅಂತ ನೋಡೇ ಏಳತೇನಿ.

ಲೆಡ್ಜರ್ ಮೈಸೂರು:

ಮೇಡಂ, ನಾನು ಜಿಎಸ್‌ಟಿ ಪ್ರಾಕ್ಟೀಸ್ ಮಾಡ್ತೀನಿ, ಕಾನೂನಿನ ಭಾಗಕ್ಕೆ ಉತ್ತರ ಕೊಡ್ತೀನಿ. ಮೊಬೈಲ್ ಬಿಲ್ಲು ಖಂಡಿತ ನಡೆಯುತ್ತೆ. ಅದರಲ್ಲಿ ಏನಿರಬೇಕು ಅನ್ನೋದು ಸಿಜಿಎಸ್‌ಟಿ ನಿಯಮ 46ರಲ್ಲಿದೆ, ಕಾಗದದ ಬಿಲ್ಲಿಗೂ ಅದೇ, ಮೊಬೈಲ್‌ಗೂ ಅದೇ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ಕ್ಕೆ ತಕ್ಕಂತೆ ಎಲೆಕ್ಟ್ರಾನಿಕ್ ಆಗಿ ಕಳಿಸೋ ಬಿಲ್ಲಿಗೆ ಸೈನ್ ಬೇಕಾಗಿಲ್ಲ ಅಂತ ಅದೇ ನಿಯಮ ಹೇಳುತ್ತೆ. ಆದ್ರೆ ಪ್ರಿಂಟ್ ತೆಗೆದು ಕೈಗೆ ಕೊಡ್ತೀರಾ ಅಂದ್ರೆ ಪೆನ್ನಲ್ಲಿ ಒಂದು ಸೈನ್ ಹಾಕಿಬಿಡಿ, ನನ್ನ ಕ್ಲೈಂಟ್‌ಗಳಿಗೆ ನಾನು ಹಾಗೇ ಹೇಳೋದು. ಪೈಪು ಟೆಂಪೋದಲ್ಲಿ ಹೋಗುತ್ತಲ್ಲ, ಡ್ರೈವರ್ ಕೈಲಿ ಒಂದು ಪ್ರತಿ ಇರಲೇಬೇಕು, ಮಾಲು 50,000 ರೂಪಾಯಿ ದಾಟಿದ್ರೆ ಇ-ವೇ ಬಿಲ್ (ಮಾಲು ಸಾಗಿಸೋಕೆ ಪೋರ್ಟಲ್‌ನಲ್ಲಿ ತೆಗೆಯೋ ಪತ್ರ) ಕೂಡ ಬೇಕು.

ವರ್ಷದ ಮಧ್ಯೆ ಬದಲಾಯಿಸೋಕೆ ಅಡ್ಡಿ ಇಲ್ಲ. ಒಂದಕ್ಕಿಂತ ಹೆಚ್ಚು ಸೀರೀಸ್ ಇಟ್ಕೊಳ್ಳೋಕೆ ನಿಯಮದಲ್ಲೇ ಅವಕಾಶ ಇದೆ, ನಂಬರ್ ಮಾತ್ರ 16 ಅಕ್ಷರ ಮೀರಬಾರದು, ಆ ಆರ್ಥಿಕ ವರ್ಷದಲ್ಲಿ ಎರಡು ಸಲ ಬರಬಾರದು, ಸಾಲಾಗಿ ಹೋಗಬೇಕು. ಮೊಬೈಲ್ ಬಿಲ್ಲಿಗೆ ಮುಂದೆ ಒಂದಕ್ಷರ ಸೇರಿಸಿ ಹೊಸ ಸೀರೀಸ್ ಶುರು ಮಾಡಿ. ಹಳೇ ಬುಕ್ಕಲ್ಲಿ ಉಳಿದ ಹಾಳೆ ಹರೀಬೇಡಿ, ಅಡ್ಡಗೆರೆ ಎಳೆದು ಕ್ಯಾನ್ಸಲ್ ಅಂತ ಬರೆದಿಡಿ, ಜಿಎಸ್‌ಟಿಆರ್-1ರಲ್ಲಿ (ಮಾರಾಟದ ರಿಟರ್ನ್) ಯಾವ ನಂಬರಿಂದ ಯಾವ ನಂಬರ್‌ವರೆಗೆ ಬಿಲ್ ಮಾಡಿದೀರಿ ಅಂತ ತೋರಿಸೋ ಟೇಬಲ್ ಇದೆ, ಅಲ್ಲಿ ಲೆಕ್ಕ ಕೂಡಬೇಕು. ನನ್ನ ಕೇಳಿದ್ರೆ ಕ್ವಾರ್ಟರ್‌ನ ಮೊದಲನೇ ತಾರೀಖು ಹಿಡೀರಿ, ಏಪ್ರಿಲ್ 1 ಆದ್ರೆ ಇನ್ನೂ ಸಲೀಸು.

ನೆಂದ ಬುಕ್ಕುಗಳನ್ನ ದಯವಿಟ್ಟು ಎಸೀಬೇಡಿ. ಆಯಾ ವರ್ಷದ ವಾರ್ಷಿಕ ರಿಟರ್ನ್ ಕೊಡೋ ಕೊನೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಕೋಬೇಕು, ಅಂದ್ರೆ 2024-25ರ ಬಿಲ್ಲುಗಳು 2031ರ ಡಿಸೆಂಬರ್‌ವರೆಗೆ ಇರಬೇಕು. ಮೊಬೈಲ್‌ನಲ್ಲಿರೋದಕ್ಕೂ ಇದೇ ಅವಧಿ, ಎಲೆಕ್ಟ್ರಾನಿಕ್ ಲೆಕ್ಕಕ್ಕೆ ಬ್ಯಾಕಪ್ ಇಡಲೇಬೇಕು ಅಂತ ನಿಯಮ 57 ಹೇಳುತ್ತೆ, ಮೇಲೆ ಹುಬ್ಬಳ್ಳಿಯವರು ಹೇಳಿದ್ದು ಅದಕ್ಕೇ ಮುಖ್ಯ. ನನ್ನ ಕ್ಲೈಂಟ್‌ಗಳು ಪ್ರತಿ ತಿಂಗಳು ಎಕ್ಸೆಲ್ ಮತ್ತು ಪಿಡಿಎಫ್ ಇಳಿಸಿ ನನಗೊಂದು ಮೇಲ್ ಮಾಡ್ತಾರೆ, ನಾಳೆ ಆಪ್ ಬದಲಾಯಿಸಿದ್ರೂ ಆಪ್ ನಿಂತೇ ಹೋದ್ರೂ ಅದು ಕೈಲಿರುತ್ತೆ.

ಜನ ಗೊಂದಲ ಮಾಡ್ಕೊಳೋದು ಒಂದಿದೆ. ಮೊಬೈಲ್ ಬಿಲ್ಲು ಬೇರೆ, ಇ-ಇನ್ವಾಯ್ಸ್ ಬೇರೆ. ಸರ್ಕಾರದ ಪೋರ್ಟಲ್‌ನಿಂದ ನಂಬರ್ ಪಡೆಯೋ ಇ-ಇನ್ವಾಯ್ಸ್ 2023ರ ಆಗಸ್ಟ್ 1ರಿಂದ 5 ಕೋಟಿ ವಹಿವಾಟು ದಾಟಿದವರಿಗೆ ಕಡ್ಡಾಯ, ನೀವು ಮೂರು ತಿಂಗಳ ರಿಟರ್ನ್‌ನಲ್ಲಿದೀರಿ ಅಂದ್ರೆ ಹೋದ ವರ್ಷ 5 ಕೋಟಿ ಒಳಗೇ ಇದ್ರಿ, 2017-18ರಿಂದ ಯಾವ ವರ್ಷವೂ ಅದು ದಾಟಿಲ್ಲ ಅಂದ್ರೆ ನಿಮಗೆ ಇ-ಇನ್ವಾಯ್ಸ್ ಬೇಡ. ಬೋರ್‌ವೆಲ್ ಕಂಟ್ರಾಕ್ಟರು, ಜಿಎಸ್‌ಟಿ ಇರೋ ಬೇರೆ ಅಂಗಡಿಯವರಿಗೆ ಮಾರಿದ್ರೆ ಎಚ್‌ಎಸ್‌ಎನ್ ನಾಲ್ಕು ಅಂಕಿ ಹಾಕಿ, ಆ ಬಿಲ್ಲುಗಳನ್ನ ಮುಂದಿನ ತಿಂಗಳ 13ರೊಳಗೆ ಐಎಫ್‌ಎಫ್‌ನಲ್ಲಿ (ಮೂರು ತಿಂಗಳ ರಿಟರ್ನ್‌ಗೆ ಕಾಯದೆ ಬಿಲ್ ಏರಿಸೋ ಪೋರ್ಟಲ್ ಸೌಲಭ್ಯ) ಏರಿಸಿದ್ರೆ ಅವರು ಕೊಟ್ಟ ಟ್ಯಾಕ್ಸಿನ ಕ್ರೆಡಿಟ್ ಅವರಿಗೆ ಬೇಗ ಸಿಗುತ್ತೆ. ಮೊಬೈಲ್‌ಗೆ ಬಂದ್ಮೇಲೆ ನಿಮಗೆ ದೊಡ್ಡ ಅನುಕೂಲ ಇದೇ.

ಇನ್ನು ಯುಪಿಐ. 2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿದ್ದು ಎಲ್ರಿಗೂ ನೆನಪಿರುತ್ತೆ, ಎಷ್ಟೋ ಜನ ಕ್ಯೂಆರ್ ಸ್ಟಿಕರ್ ಕಿತ್ತು ಹಾಕಿದ್ರು. ಹೆದರೋ ಬದಲು ಪ್ರತಿ ಬಿಲ್ಲಲ್ಲೂ ದುಡ್ಡು ಹೆಂಗೆ ಬಂತು ಅಂತ ಗುರುತು ಹಾಕಿ, ನಗದೋ ಯುಪಿಐಯೋ ಬಾಕಿಯೋ. ಅಪ್ಪನ ಸ್ವಂತ ದುಡ್ಡು, ನೆಂಟರು ಕಳಿಸಿದ ದುಡ್ಡು ಅಂಗಡಿ ಕ್ಯೂಆರ್‌ಗೆ ಬರದ ಹಾಗೆ ನೋಡ್ಕೊಳಿ.

ತಿಪಟೂರು ಪೈಪ್ ಅಂಗಡಿ:

ಇಬ್ರಿಗೂ ತುಂಬ ಥ್ಯಾಂಕ್ಸ್. ನೆಂದ ಬುಕ್ಕು ಎಸೆಯೋಕೆ ಇಟ್ಟಿದ್ದೆ, ಈಗಲೇ ವಾಪಸ್ ತೆಗೆದಿಟ್ಟೆ. ಸಾಲದ ಬುಕ್ಕಿಂದು ಯಾರಾದ್ರೂ ಹೇಳಿ, ಸುಮಾರು ನೂರೈವತ್ತು ಹಾಳೆ ಇದೆ.

ಅಡಿಕೆ ಸೀಮೆ:

ತಂಗೀ, ನಮ್ದು ತೀರ್ಥಹಳ್ಳಿ ಕಡೆ, ಗೊಬ್ಬರ, ಔಷಧಿ, ಸ್ಪ್ರೇ ಪಂಪಿನ ಸಾಮಾನು. ನಿಮ್ಮಲ್ಲಿ ಕೊಬ್ಬರಿ, ನಮ್ಮಲ್ಲಿ ಅಡಿಕೆ, ಕೊನೆ ತೆಗೆದು ಬೇಯಿಸಿ ಒಣಗಿಸಿ ಮಂಡಿಗೆ ಹಾಕೋ ತನಕ ನಮ್ಮ ದುಡ್ಡು ಅವರ ತೋಟದಲ್ಲೇ ಇರೋದು. ನಿಮ್ಮಪ್ಪ ಹೇಳೋದ್ರಲ್ಲಿ ತಪ್ಪೇನಿಲ್ಲ, ಅದನ್ನ ಮೊದಲು ಅವರಿಗೇ ಹೇಳು. ಸಾಲಕ್ಕೆ ಕೊಟ್ಟ ಸಾಮಾನಿನ ದುಡ್ಡಿಗೆ ಕೋರ್ಟಿಗೆ ಹೋಗೋಕೆ ಮೂರು ವರ್ಷ ವಾಯಿದೆ. ಆ ಮೂರು ವರ್ಷದೊಳಗೆ ಸಾಲಗಾರ "ಇಷ್ಟು ಬಾಕಿ ಇದೆ" ಅಂತ ಬರವಣಿಗೇಲಿ ಒಪ್ಪಿ ಸೈನ್ ಮಾಡಿದ್ರೆ ಅವತ್ತಿಂದ ಮತ್ತೆ ಹೊಸದಾಗಿ ಮೂರು ವರ್ಷ, 1963ರ ಲಿಮಿಟೇಶನ್ ಆಕ್ಟ್‌ನ 18ನೇ ಸೆಕ್ಷನ್. ನಾವು ಬರೆದಿಟ್ಟ ಲೆಕ್ಕ ಒಂದೇ ಸಾಕಾಗಲ್ಲ, ಬುಕ್ಕಲ್ಲಿದ್ರೂ ಅಷ್ಟೇ, ಮೊಬೈಲ್‌ನಲ್ಲಿದ್ರೂ ಅಷ್ಟೇ, ಬೆಲೆ ಇರೋದು ಆ ಸೈನಿಗೆ. ಬಿಲ್ಲು ಕಾಗದ ಬಿಟ್ಟು ಹೋಗ್ಲಿ, ಸೈನು ಬಿಡಬೇಡ.

ನಾವು ಮಾಡಿದ್ದು ಹೀಗೆ. ಒಟ್ಟಿಗೆ ಎಲ್ಲ ಹಾಳೆ ಏರಿಸೋಕೆ ಹೋಗ್ಲಿಲ್ಲ. ಆಯಾ ರೈತ ಅಂಗಡಿಗೆ ಬಂದ ದಿನ ಅವನ ಹಾಳೆ ತೆಗೆದು, ಇಬ್ರೂ ಕೂತು ಕೂಡಿಸಿ, ಕೆಳಗೆ "ಇಂಥ ತಾರೀಖಿಗೆ ಬಾಕಿ ಇಷ್ಟು" ಅಂತ ಅಕ್ಷರದಲ್ಲೂ ಅಂಕಿಯಲ್ಲೂ ಬರೆದು ಅವನ ಸೈನ್ ಹಾಕಿಸಿ, ಆ ಹಾಳೆ ಫೋಟೋ ಹೊಡೆದು, ಮೊಬೈಲ್‌ನಲ್ಲಿ ಅದನ್ನ ಓಪನಿಂಗ್ ಬ್ಯಾಲೆನ್ಸ್ ಅಂತ ಹಾಕ್ದೆ. ಅಡಿಕೆ ಸುಗ್ಗಿ ಮುಗಿಯೋದ್ರೊಳಗೆ ಮುಕ್ಕಾಲು ಪಾಲು ಬಂದಿತ್ತು. ಬರದೇ ಇರೋರ ಹಾಳೆ ಬುಕ್ಕಲ್ಲೇ ಇದೆ, ಇರ್ಲಿ. ಈಗ ದೊಡ್ಡ ಸಾಲದ ಬಿಲ್ಲಿಗೆ ಒಂದು ಪ್ರಿಂಟ್ ತೆಗೆದು ಸೈನ್ ಹಾಕಿಸಿ ಫೈಲ್ ಮಾಡ್ತೀನಿ, ಸಣ್ಣದಕ್ಕೆ ವಾಟ್ಸಾಪ್.

ಒಂದು ಮಾತ್ರ ತಪ್ಪದೇ ಮಾಡು, ಆಪ್‌ನಲ್ಲಿ ತಾನಾಗೇ ಬಾಕಿ ನೆನಪಿಸೋ ಮೆಸೇಜ್ ಇರುತ್ತೆ, ಮೊದಲು ಅದನ್ನ ಆಫ್ ಮಾಡು. ನನಗೆ ಗೊತ್ತಾಗ್ಲಿಲ್ಲ. ಒಂದು ಬೆಳಗ್ಗೆ ಎಲ್ಲರಿಗೂ ಒಟ್ಟಿಗೆ ಹೋಯ್ತು. ನಮ್ಮಪ್ಪನ ಕಾಲದಿಂದ ವ್ಯಾಪಾರ ಮಾಡ್ತಿದ್ದ ಒಬ್ಬ ಹಿರಿಯರು, ಅವರ ಫೋನು ಸೊಸೆ ಕೈಲಿತ್ತಂತೆ, ಮನೇಲಿ ನೆಂಟರಿದ್ರಂತೆ, ಅವಳು ಮೆಸೇಜನ್ನ ಜೋರಾಗಿ ಓದಿದಾಳೆ. ಮಧ್ಯಾಹ್ನ ಬಸ್ಸಿಗೆ ಬಂದು ಎಣಿಸಿ ದುಡ್ಡಿಟ್ಟು, ಕೊಟ್ಟ ನೀರೂ ಕುಡೀದೆ ಹೋದ್ರು. ಎರಡು ಸಲ ಮನೆಗೆ ಹೋಗಿ ತಪ್ಪಾಯ್ತು ಅಂತ ಕೇಳಿದೀನಿ, ಚೆನ್ನಾಗೇ ಮಾತಾಡಿಸ್ತಾರೆ, ಅಂಗಡಿಗೆ ಮಾತ್ರ ಬಂದಿಲ್ಲ. ಬಾಕಿ ಕೇಳೋದಿದ್ರೆ ನೀನೋ ನಿಮ್ಮಪ್ಪನೋ ಬಾಯಲ್ಲೇ ಕೇಳಿ.

ತಿಪಟೂರು ಪೈಪ್ ಅಂಗಡಿ:

ಅಣ್ಣ, ನಿಮ್ಮ ಮಾತನ್ನ ಅಪ್ಪನಿಗೆ ಓದಿ ಹೇಳ್ದೆ. ಸೈನಿಂದು ಕೇಳಿ "ನಾನು ಹೇಳಿರ್ಲಿಲ್ವಾ" ಅಂದ್ರು, ಆಮೇಲೆ ತಾವೇ ಬುಕ್ಕು ತಂದು ಪಕ್ಕದಲ್ಲಿ ಕೂತ್ರು. ಏಪ್ರಿಲ್ 1ಕ್ಕೆ ಶುರು ಅಂತ ಒಪ್ಪಿದ್ರು, ಬಾಕಿ ಮಾತ್ರ ನೀವು ಹೇಳ್ದಂಗೆ ಅವರವರು ಬಂದಾಗಲೇ ಹಾಕೋದು. ಸದ್ಯಕ್ಕೆ ಹೆಸರು ಮತ್ತೆ ಫೋನ್ ನಂಬರ್ ಮಾತ್ರ ಹಾಕ್ತಿದೀವಿ, ಅವರು ಹೇಳೋದು ನಾನು ಟೈಪ್ ಮಾಡೋದು. ಬುಕ್ಕಲ್ಲಿ ಬರೀ ಶಿವಣ್ಣ ಅಂತ ಐದು ಹಾಳೆ ಇದೆ, ಅಪ್ಪ ಹಾಳೆ ನೋಡಿ ಕೆರೆ ಏರಿ ಶಿವಣ್ಣ, ಎರಡು ಬೋರಿನ ಶಿವಣ್ಣ, ಗೊನೆ ಇಳಿಸೋ ಶಿವಣ್ಣ ಅಂತ ಹೇಳ್ತಾ ಹೋದ್ರು, ಇಷ್ಟು ದಿನ ಅದು ಅವರ ತಲೇಲಿ ಮಾತ್ರ ಇತ್ತು. ನಿನ್ನೆ ರಾತ್ರಿ ನಲವತ್ತು ಹೆಸರು ಆಯ್ತು.

ಒಂದು ಹಾಳೇಗೆ ಬಂದಾಗ ಮಾತ್ರ "ಇದು ಬೇಡ" ಅಂತ ತಿರುಗಿಸಿಬಿಟ್ರು. ಅವರು ತೀರ್ಕೊಂಡು ಮೂರು ವರ್ಷ ಆಯ್ತಂತೆ, 8,400 ಬಾಕಿ. ಮಗ ಬೆಂಗಳೂರಲ್ಲಿದಾನೆ, ಹೇಳಿ ಕಳಿಸಿದ್ರೆ ಕೊಡ್ತಾನೆ, ಆದ್ರೆ ಅಪ್ಪ ಯಾವತ್ತೂ ಕೇಳಿಲ್ಲ. ಇಂಥದ್ದನ್ನ ನೀವೆಲ್ಲ ಏನ್ಮಾಡಿದ್ರಿ?

ಹುಬ್ಳಿ ವೈರ್‌ಮನ್:

ಅಕ್ಕಾರ, ನಮ್ ಕಡೇನೂ ಅಂಥವು ನಾಲ್ಕು ಅದಾವ್ರಿ. ಮೊಬೈಲ್‌ಗೆ ಹಾಕಿಲ್ಲ. ಹಳೇ ಉದ್ರಿ ಬುಕ್ಕು ಗಲ್ಲಾದ ಕೆಳಗ ಹಂಗ ಐತಿ.