ಸಹಾಯ ಬೇಕು: ಟೆಸ್ಟ್ ಜಾಸ್ತಿ ಬರೆದಷ್ಟೂ ಹಳೆ ಬಗ್ ಸಿಗುತ್ತಿವೆ

ಎಲ್ಲರಿಗೂ ನಮಸ್ಕಾರ. ಶಿರಸಿಯ ಒಂದು ಅಡಿಕೆ ಮಂಡಿಗೆ ಪೈಥಾನ್‌ನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಇದ್ದದ್ದು 12 ಯುನಿಟ್ ಟೆಸ್ಟ್ (ಕೋಡ್‌ನ ಒಂದೊಂದು ಸಣ್ಣ ಭಾಗ ಸರಿ ಇದೆಯಾ ಅಂತ ನೋಡುವ ಪರೀಕ್ಷೆ), ಎಲ್ಲವೂ ಪಾಸ್.

ಮೊನ್ನೆ ಕೂತು ಚಾಲಿ, ರಾಶಿ, ಬೆಟ್ಟೆ ಅಂತ ಅಡಿಕೆಯ ಬಗೆಗಳಿಗೆಲ್ಲ ಬೇರೆ ಬೇರೆ ಟೆಸ್ಟ್ ಬರೆದೆ. ತೂಕ ಸೊನ್ನೆ ಕೊಟ್ಟರೆ ಸರಾಸರಿ ದರ ತೆಗೆಯುವಲ್ಲಿ ಪ್ರೋಗ್ರಾಂ ನಿಂತೇ ಹೋಯಿತು. ಅದನ್ನು ಸರಿ ಮಾಡಿದೆ. ಆಮೇಲೆ ಸಿಕ್ಕಿದ್ದು ನಿದ್ದೆ ಕೆಡಿಸಿದೆ. ಪೈಥಾನ್‌ನ ರೌಂಡ್ 3.5 ಅನ್ನು 4 ಮಾಡುತ್ತದೆ, 2.5 ಅನ್ನು ಮಾತ್ರ 2 ಮಾಡುತ್ತದೆ! ಸರಿಯಾಗಿ ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಹೀಗಾಗಿ ಕೆಲವು ಬಿಲ್‌ಗಳಲ್ಲಿ ಬೆಳೆಗಾರರಿಗೆ ಒಂದು ರೂಪಾಯಿ ಕಡಿಮೆ ಹೋಗಿದೆ. ಅದು ಅವರ ದುಡ್ಡು ಅಲ್ವಾ.

ಈಗ ಪೈಥಾನ್‌ನ ಡೆಸಿಮಲ್ (ದಶಾಂಶ ಲೆಕ್ಕ ನಿಖರವಾಗಿ ಮಾಡುವ ಮಾಡ್ಯೂಲ್), ಅದರಲ್ಲಿ ರೌಂಡ್ ಹಾಫ್ ಅಪ್ (ಅರ್ಧ ಬಂದರೆ ಮೇಲಕ್ಕೆ) ಹಾಕಿದ್ದೇನೆ. ಕವರೇಜ್ (ಟೆಸ್ಟ್ ಮಾಡುವಾಗ ಕೋಡ್‌ನ ಎಷ್ಟು ಸಾಲು ಓಡಿತು ಎಂಬ ಲೆಕ್ಕ) ಚೆನ್ನಾಗಿದ್ದರೂ ಧೈರ್ಯ ಸಾಲದು. ಸಾಲು ಓಡಿತು ಅಂತ ಅದು ಹೇಳುತ್ತದೆ, ಉತ್ತರ ಸರಿ ಅಂತಲ್ಲ. ಟೆಸ್ಟ್‌ಗೆ ಬೇಕಾದ ಬಗೆಬಗೆಯ ಇನ್‌ಪುಟ್‌ಗಳನ್ನು ತಾನೇ ಹುಟ್ಟಿಸುವ ಹೈಪಾಥಿಸಿಸ್ ಲೈಬ್ರರಿ ಬಳಸಿದವರು ಇದ್ದೀರಾ? ಶಿರಸಿ, ಕುಮಟಾ, ಕಾರವಾರ ಎಲ್ಲಿದ್ದರೂ ಸರಿ, ಭಾನುವಾರ ಲ್ಯಾಪ್‌ಟಾಪ್ ಹಿಡಿದು ನಾನೇ ಬರುತ್ತೇನೆ.