ಒಡಿಸ್ಸಿಯಲ್ಲಿ ಉಂಡಾದ ಮೇಲೆ ಹೆಸರು ಕೇಳೋದ್ಯಾಕೆ?

ಸೌಟು_ದಾವಣಗೆರೆ:
ಮದುವೆ ಅಡುಗೆ ಕಾಂಟ್ರಾಕ್ಟ್ ನನ್ನ ಕಸುಬು. ಆಷಾಢದಾಗೆ ಕೆಲಸ ಇರಲ್ಲ. ಮಗಳು ಕಾಲೇಜಿಗೆ ಓದ್ತಿರೋ ಒಡಿಸ್ಸಿ, ಅದೇ ಗ್ರೀಕ್ ಕವಿ ಹೋಮರನ ಕಾವ್ಯ, ಅದರ ಕಥೇನ ರಾತ್ರಿ ಹೇಳ್ತಾಳೆ, ಕೇಳ್ತೀನಿ. ಮೂರನೇ ಸರ್ಗಕ್ಕೇ ಕಿವಿ ನೆಟ್ಟಗಾತು ನೋಡ್ರಿ. ಪೈಲೋಸ್ ಅನ್ನೋ ಊರಿನ ಕಡಲ ದಂಡೇಲಿ ಒಂಬತ್ತು ಪಂಕ್ತಿ, ಪಂಕ್ತಿಗೆ 500 ಜನ, ಒಂಬತ್ತೊಂಬತ್ತು ಹೋರಿ. ಅಂದ್ರೆ 4,500 ಜನಕ್ಕೆ 81. ಅಷ್ಟು ಎಸ್ಟಿಮೇಟ್ ನಾನು ಯಾವತ್ತೂ ಬರೆದಿಲ್ಲ!

ಅಲ್ಲಿಗೆ ಕಥಾನಾಯಕ ಒಡಿಸ್ಯೂಸ್‌ನ ಮಗ ಟೆಲಿಮಾಕಸ್ ಬರ್ತಾನೆ. ಕೈಹಿಡಿದು ಕರ್ಕೊಂಡು ಹೋಗಿ ಮೆತ್ತನೆ ಕುರಿತೊಗಲ ಮೇಲೆ ಕೂರಿಸಿ, ಮಾಂಸ ಬಡಿಸಿ, ದ್ರಾಕ್ಷಾರಸ ಕೊಟ್ಟು, ಉಂಡಾದ ಮೇಲೆ ಆ ಊರಿನ ಮುದುಕ ರಾಜ ನೆಸ್ಟರ್ ಕೇಳ್ತಾನೆ: ಯಾರಪ್ಪ ನೀವು, ವ್ಯಾಪಾರದವರೋ ಕಡಲುಗಳ್ಳರೋ ಅಂತ. ನಮ್ ಕಡೆ ಛತ್ರದ ಬಾಗಿಲಲ್ಲೇ ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಅಂತಾರೆ. ಹಳ್ಳಿಗೆ ಹೋದ್ರೆ ನೀರು ಕೊಡೋಕೆ ಮುಂಚೆ "ಯಾವ ಪೈಕಿ". ಇವರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು? ಇನ್ನೊಂದು, ಕಡಲ ಪಕ್ಕದಾಗೇ ಕೂತು ಮೀನು ಯಾಕೆ ತಿನ್ನಲ್ಲ?

ಕೋಟೆ_ಮೇಷ್ಟ್ರು (ಚಿತ್ರದುರ್ಗ):
ಅಪರಿಚಿತರಿಗೂ ಭಿಕ್ಷುಕರಿಗೂ ದೇವತೆಗಳ ರಾಜ ಜೀಯಸ್ಸೇ ಕಾವಲು. ಒಡಿಸ್ಯೂಸ್‌ನ ಹಂದಿ ಕಾಯುವ ಆಳು ಯೂಮಿಯಸ್ ಕೂಡ ಹಾಗೇ ಹೇಳಿ ತನ್ನ ಬಡ ಗುಡಿಸಲಲ್ಲಿ ಬಡಿಸುತ್ತಾನೆ. ಆದರೆ ಇದನ್ನು ಬರೀ ಸಜ್ಜನಿಕೆ ಅಂದುಕೊಳ್ಳಬೇಡಿ. ಒಮ್ಮೆ ಉಂಡ ಋಣ ಮೊಮ್ಮಕ್ಕಳವರೆಗೆ ಬರುತ್ತದೆ. ಟ್ರಾಯ್ ಯುದ್ಧದ ಕಥೆ ಹೇಳುವ ಹೋಮರನ ಇನ್ನೊಂದು ಕಾವ್ಯ ಇಲಿಯಡ್‌ನ ಆರನೇ ಸರ್ಗದಲ್ಲಿ ಗ್ರೀಕರ ಕಡೆಯ ಡಯೊಮಿಡೀಸ್, ಟ್ರಾಯ್ ಕಡೆಯ ಗ್ಲಾಕಸ್ ರಣರಂಗದಲ್ಲಿ ಎದುರಾಗುತ್ತಾರೆ. ಒಬ್ಬನ ಅಜ್ಜ ಇನ್ನೊಬ್ಬನ ಅಜ್ಜನನ್ನು 20 ದಿನ ಮನೆಯಲ್ಲಿಟ್ಟುಕೊಂಡಿದ್ದ ಎಂದು ತಿಳಿದದ್ದೇ ತಡ, ಕಾಳಗ ಬಿಟ್ಟು ಕವಚ ಬದಲಾಯಿಸಿಕೊಳ್ಳುತ್ತಾರೆ. 100 ಎತ್ತಿನ ಬೆಲೆಯ ಚಿನ್ನದ್ದು ಕೊಟ್ಟು 9 ಎತ್ತಿನ ಬೆಲೆಯ ಕಂಚಿನದು ತಗೊಂಡ ಗ್ಲಾಕಸ್‌ನ ಬುದ್ಧಿ ಕೆಟ್ಟಿತ್ತು ಅಂತ ಕವಿಯೇ ಚುಚ್ಚುತ್ತಾನೆ.

ಬಂದವರನ್ನು ಕಂಡ ಕೂಡಲೇ "ಯಾರು ನೀವು" ಅನ್ನುವವನು ಒಡಿಸ್ಸಿಯ ಒಕ್ಕಣ್ಣ ರಾಕ್ಷಸ ಪಾಲಿಫೀಮಸ್. ಆಮೇಲೆ ಅತಿಥಿಗಳನ್ನೇ ಉಣ್ಣುತ್ತಾನೆ.

ಮೀನು ಹಸಿವು ತಡೆಯಲಾಗದಾಗ ಮಾತ್ರ. ವೀರರ ಹಬ್ಬದೂಟಕ್ಕೆ ಬೆಂಕಿಯಲ್ಲಿ ಸುಟ್ಟ ಮಾಂಸವೇ ಆಗಬೇಕು.

ಗಣೆ_ಹಿರಿಯೂರು:
ಹಾಡುಗಾರನನ್ನ ಎಲ್ಲರೂ ಮರೆತ್ರಲ್ಲ! ನಮ್ಮ ಕಡೆ ಕಾಡುಗೊಲ್ಲರು ಗಣೆ ಊದಿಕೊಂಡು ಜುಂಜಪ್ಪನ ಕಥೆ ಹಾಡ್ತಾರೆ, ಅದನ್ನ ಕೇಳಿ ಬೆಳೆದೋಳು ನಾನು. ಹಂಗಾಗಿ ಎಂಟನೇ ಸರ್ಗ ನಂಗೆ ಪ್ರಾಣ. ಒಡಿಸ್ಯೂಸ್ ಅತಿಥಿಯಾಗಿರೋ ಅರಮನೇಲಿ ಕುರುಡ ಹಾಡುಗಾರ ಡೆಮೊಡೋಕಸ್‌ನ ಕಂಬಕ್ಕೆ ಒರಗಿಸಿ ಬೆಳ್ಳಿ ಮೊಳೆಯ ಕುರ್ಚಿ ಹಾಕ್ತಾರೆ, ತಲೆ ಮೇಲಿನ ಗೂಟಕ್ಕೆ ತಂತಿವಾದ್ಯ ತೂಗುಹಾಕಿ, ಅದು ಎಲ್ಲಿದೆ ಅಂತ ಕೈಗೆ ಮುಟ್ಟಿಸಿ ತೋರಿಸ್ತಾರೆ. ಒಡಿಸ್ಯೂಸ್ ತನ್ನ ಪಾಲಿನ ಹಂದಿ ಬೆನ್ನಿನ ಕೊಬ್ಬಿದ ತುಂಡು ಕೊಯ್ದು ಅವನಿಗೆ ಕಳಿಸ್ತಾನೆ. ಆಮೇಲೆ ಟ್ರಾಯ್ ಗೆದ್ದ ಮರದ ಕುದುರೆಯ ಹಾಡು, ಅಂದ್ರೆ ತನ್ನದೇ ಕಥೆ, ಕೇಳಿ ತಾನೇ ಅಳ್ತಾನೆ. ಅತ್ತಿದ್ದಕ್ಕೇ ರಾಜ ಅಲ್ಸಿನೋಸ್ ಹೆಸರು ಕೇಳೋದು. ಅಲ್ಲೀವರೆಗೂ ಅವನು ಯಾರು ಅಂತ ಗೊತ್ತಿಲ್ಲದೇನೇ ಊರಿಗೆ ತಲುಪಿಸೋಕೆ ಹಡಗು ರೆಡಿ ಮಾಡಿದ್ರು!

ಎಲ್ಲಾ ಹಾಡುಗಾರರಿಗೂ ಈ ಮರ್ಯಾದೆ ಇಲ್ಲ. ಒಡಿಸ್ಯೂಸ್‌ನ ಊರು ಇಥಾಕಾದಲ್ಲಿ ಹಾಡುಗಾರ ಫೀಮಿಯಸ್, ಒಡಿಸ್ಯೂಸ್‌ನ ಹೆಂಡ್ತೀನ ಮದುವೆಯಾಗ್ತೀವಿ ಅಂತ ಬಂದು ಅವನ ಮನೆ ನುಂಗೋಕೆ ಕೂತಿದ್ದ 108 ಜನಕ್ಕೆ ಬಲವಂತಕ್ಕೆ ಹಾಡ್ತಿದ್ದ.

ಸೌಟು_ದಾವಣಗೆರೆ:
ಬೆನ್ನಿನ ತುಂಡು ಮರ್ಯಾದೆ ತುಂಡೇ ಬಿಡ್ರಿ, ಸುಮ್ನೆ ಯಾರಿಗೂ ಕೊಡಲ್ಲ. ನಮ್ಮಲ್ಲಿ ಓಲಗದವರು ಕೊನೇ ಪಂಕ್ತಿ, ಅಷ್ಟೊತ್ತಿಗೆ ಹೋಳಿಗೆ ಖಾಲಿ. ಯಜಮಾನರಿಗೆ ಹೇಳಿದ್ರೆ "ದುಡ್ಡು ಕೊಟ್ಟೀವಲ್ಲ" ಅಂತಾರೆ. ಮೇಷ್ಟ್ರೇ, ಮೀನಿನ ಮಾತು ಮಗಳಿಗೆ ಹೇಳಿದೆ, ಪರೀಕ್ಷೆಗೆ ಬರಲ್ಲ ಅಂದ್ಲು. ಈಗ ಹನ್ನೊಂದನೇ ಸರ್ಗ ನಡೀತೈತೆ. ಒಡಿಸ್ಯೂಸ್ ಸತ್ತೋರ ಲೋಕಕ್ಕೆ ಹೋಗ್ತಾನೆ. ಅಲ್ಲಿ ಅಡುಗೆನೇ ಇಲ್ಲ, ಸತ್ತೋರು ಸಾಲಾಗಿ ಬಂದು ಕುರಿ ರಕ್ತ ಕುಡಿತಾರಂತೆ.